ಹಳತು ಎಂದು ಹೇಳುವವರು ಯಾರು?

ಒಂದು ವಸ್ತು ಹಳತಾಯಿತೆಂದು ತೀರ್ಮಾನಿಸುವವರು ಯಾರು? ಚಪ್ಪಲಿಯ ಮಟ್ಟಿಗೆ ಈ ಪ್ರಶ್ನೆ ಸುಲಭ. ಉಂಗುಷ್ಟ ಕಿತ್ತರೆ ಹೊಲಿಸುತ್ತೇವೆ, ಅಟ್ಟೆ ಸವೆದು ತೂತಾದರೆ ಬಿಡುತ್ತೇವೆ. ಚಪ್ಪಲಿಯೇ ತನ್ನ ಸ್ಥಿತಿ ಹೇಳುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಹಾಗಿಲ್ಲ. ಅದು ಸವೆಯುವ ಮೊದಲೇ ಬೇರೆ ಯಾರೋ ಅದರ ವಯಸ್ಸು ಮುಗಿಯಿತೆಂದು ಸಾರಿರುತ್ತಾರೆ.

ಧಾರವಾಡದ ನಮ್ಮ ಮನೆಯ ಕಂಪ್ಯೂಟರ್ 2014ರದ್ದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡ್. ಅಣ್ಣ ಇಂಜಿನಿಯರಿಂಗ್ ಸೇರಿದಾಗ ತಂದದ್ದು, ಅವನು ನೌಕರಿಗೆ ಹೋದ ಮೇಲೆ ನನ್ನ ಪಾಲಿಗೆ ಬಂತು. ಓಣಿಯ ಐವರು ಗೆಳೆಯರು ಅದರ ಸುತ್ತ ಆಡಿ ಬೆಳೆದೆವು. ಈಗ ಇಬ್ಬರು ಬೆಂಗಳೂರಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ. ರಾತ್ರಿ ಹತ್ತರ ಮೇಲೆ ಕೌಂಟರ್-ಸ್ಟ್ರೈಕ್ ಆಡುತ್ತ ಎಲ್ಲರೂ ಕೂಡುತ್ತಿದ್ದೆವು. ಆಟಕ್ಕಿಂತ ಹರಟೆಯೇ ಹೆಚ್ಚು. ಊರು ಬಿಟ್ಟವರಿಗೂ ಊರಲ್ಲೇ ಉಳಿದವರಿಗೂ ಅದೊಂದು ಕಟ್ಟೆಯಾಗಿತ್ತು.

2023ರ ಸೆಪ್ಟೆಂಬರ್ 27ರಂದು, 2012ರಿಂದ ನಡೆದುಬಂದಿದ್ದ ಆ ಆಟದ ಜಾಗಕ್ಕೆ ಕೌಂಟರ್-ಸ್ಟ್ರೈಕ್ 2 ಬಂತು. ಹಿಂದಿನ ದಿನದವರೆಗೆ ಸರಾಗವಾಗಿ ನಡೆಸುತ್ತಿದ್ದ ನಮ್ಮ ಪೆಟ್ಟಿಗೆ ಹೊಸ ಆಟಕ್ಕೆ ಏದುಸಿರು ಬಿಟ್ಟಿತು. ಪೆಟ್ಟಿಗೆಯಲ್ಲಿ ಒಂದು ತಂತಿಯೂ ಸವೆದಿರಲಿಲ್ಲ, ಬದಲಾದದ್ದು ಆಟ. ಇದು ಮೊದಲ ತೀರ್ಪು. ಎರಡನೆಯದು ಮೈಕ್ರೋಸಾಫ್ಟಿನದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಮೂರನೆಯದು ಅಂಗಡಿಯವರದು: “ಇದು ಭಾಳ ಹಳೇದಾತ್ರಿ. ಇದಕ್ಕ ರೊಕ್ಕ ಹಾಕಬ್ಯಾಡ್ರಿ, ಹೊಸಾದ ತಗೋರಿ.”

ಮೂವರಿಗೂ ಅವರವರ ಕಾರಣಗಳಿವೆ. ಮೈಕ್ರೋಸಾಫ್ಟ್ ಸುರಕ್ಷತೆಯ ಮಾತಾಡುತ್ತದೆ, ಆಟ ಕಟ್ಟುವವರಿಗೆ ಹೊಸದೇನಾದರೂ ಮಾಡಬೇಕಿರುತ್ತದೆ, ಅಂಗಡಿಯವರಿಗೆ ನಾಳೆ ಯಂತ್ರ ಕೆಟ್ಟರೆ ಗಿರಾಕಿಯಿಂದ ಬೈಸಿಕೊಳ್ಳುವ ಭಯ. ಆದರೆ ಈ ಪೆಟ್ಟಿಗೆ ನಿನಗೆ ಯಾತಕ್ಕೆ ಬೇಕು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಅವ್ವ.

ಟ್ಯೂಷನ್ ಹೇಳಿ ಕೂಡಿಸಿದ್ದ ₹12,000 ಇದಕ್ಕೆ ಹಾಕುತ್ತೇನೆ ಅಂದಾಗ ಅವಳು ಅಂದದ್ದು ಇಷ್ಟೇ: “ಆಟಕ್ಕ ಇಷ್ಟ ರೊಕ್ಕ ಹಾಕೂದು ಬರೋಬ್ಬರಿ ಐತೇನಪಾ?”

ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ: ಓದಿಗೆ ಬೇಕು. ಆದರೆ ಓದಿಗೆ ಪೆಟ್ಟಿಗೆ ಇದ್ದಂತೆಯೇ ಸಾಕಾಗಿತ್ತು. ಹಣ ಬೇಕಿದ್ದದ್ದು ಆಟಕ್ಕೇ, ಹಾಗೆಂದೇ ಹೇಳಿದೆ. ಉಳ್ಳವರ ಮನೆಯಲ್ಲಿ ಆಟಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಕಾರಣ ಕೊಡುವ ಹೊರೆ ಬೀಳುವುದು ಎಣಿಸಿ ಖರ್ಚು ಮಾಡುವವರ ಮೇಲೆ. ಇದು ಅನ್ಯಾಯವೆಂದು ನನಗೆ ಅನಿಸುತ್ತದೆ. ಹಾಗಂತ ಅವ್ವನ ಪ್ರಶ್ನೆ ಅನ್ಯಾಯದ್ದಲ್ಲ. ಸೀರೆ ಕೊಳ್ಳುವಾಗ ಅವಳು ತನ್ನನ್ನೇ ಇದಕ್ಕಿಂತ ಬಿರುಸಾಗಿ ಕೇಳಿಕೊಳ್ಳುತ್ತಾಳೆ. ನಾಲ್ವರು ಗೆಳೆಯರ ದನಿ ದಿನಕ್ಕೊಮ್ಮೆ ಕೇಳುವುದಕ್ಕೆ ಈ ಹಣ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಎಷ್ಟ ಬೇಕೋ ಅಷ್ಟ ಹಾಕು” ಅಂದಳು.

ಎಷ್ಟು ಬೇಕು ಎಂಬುದು ಯಾತಕ್ಕೆ ಬೇಕು ಎಂದು ಗೊತ್ತಾಗುವವರೆಗೆ ತಿಳಿಯುವುದಿಲ್ಲ. ಎಲ್ಲ ಹೊಸ ಆಟಗಳೂ ನಡೆಯಬೇಕೆಂದರೆ ₹12,000 ಏನೇನೂ ಅಲ್ಲ. ಐವರು ಕೂಡಿ ಒಂದು ಆಟ ಆಡಬೇಕೆಂದರೆ, ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ತಡವರಿಸದೆ ಮೂಡಿದರೆ ಸಾಕು.

ಆಮೇಲೆ ನೋಡಬೇಕಾದದ್ದು ತಡೆ ಎಲ್ಲಿದೆ ಎಂದು. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಮಂಡಿಸಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಕೆಲಸಕ್ಕೆ 50 ಸೆಕೆಂಡು ಹಿಡಿಯುತ್ತದೆ, ಅದರಲ್ಲಿ 40 ಸೆಕೆಂಡು ಹಾರ್ಡ್ ಡಿಸ್ಕಿಗಾಗಿ ಕಾಯುವುದೇ ಆಗಿದೆ ಎನ್ನಿ. ಪ್ರೊಸೆಸರಿನ ವೇಗ ದುಪ್ಪಟ್ಟಾದರೂ ಉಳಿದ 10 ಸೆಕೆಂಡು 5 ಆಗಿ, ಒಟ್ಟು 45ಕ್ಕೆ ಇಳಿಯುತ್ತದೆ ಅಷ್ಟೇ. ಡಿಸ್ಕಿನ ವೇಗ ನಾಲ್ಕು ಪಟ್ಟಾದರೆ ಒಟ್ಟು 20ಕ್ಕೆ ಬರುತ್ತದೆ. ಆಟ ನಡೆಯುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ರ‍್ಯಾಮ್ ತುಂಬಿ ತುಳುಕುತ್ತಿತ್ತು, ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿತ್ತು. ಎಲ್ಲರೂ ಬದಲಿಸು ಎನ್ನುತ್ತಿದ್ದ ಪ್ರೊಸೆಸರ್ ಮಾತ್ರ ಇನ್ನೂ ದಣಿದಿರಲಿಲ್ಲ.

ಮೊದಲ ದುರಸ್ತಿಗೆ ಹತ್ತಿರ ಹತ್ತಿರ ಪುಕ್ಕಟೆ. ಪೆಟ್ಟಿಗೆ ಬಿಚ್ಚಿ, ಹತ್ತು ವರ್ಷದ ಧೂಳನ್ನು ಬ್ರಷ್ಷಿನಿಂದ ಬಳಿದು, ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿದ್ದು. ಆಮೇಲೆ ಎಸ್‌ಎಸ್‌ಡಿ, 8 ಜಿಬಿ ಹಳೆಯ ರ‍್ಯಾಮ್, ಹೊಸ ಪವರ್ ಸಪ್ಲೈ. ಎಲ್ಲ ಸೇರಿ ಸುಮಾರು ₹7,500. ಪವರ್ ಸಪ್ಲೈ ಆಟವನ್ನು ಒಂದು ಚಿತ್ರದಷ್ಟೂ ಚುರುಕು ಮಾಡುವುದಿಲ್ಲ, ಗೆಳೆಯರಿಗೆ ತೋರಿಸಲೂ ಬರುವುದಿಲ್ಲ. ಆದರೆ ಅದು ಕೆಟ್ಟರೆ ಉಳಿದುದನ್ನೂ ಕರೆದುಕೊಂಡು ಹೋಗಬಹುದು. ಕೈಯಲ್ಲಿ ಸ್ವಲ್ಪವೇ ಹಣವಿದ್ದಾಗ ಕಣ್ಣಿಗೆ ಕಾಣದ ಭಾಗಕ್ಕೆ ಮೊದಲು ಹಾಕುವುದು ಕಷ್ಟ, ಅದಕ್ಕೆ ಸ್ವಲ್ಪ ಮನಸ್ಸು ಗಟ್ಟಿ ಬೇಕು.

ಆ ರ‍್ಯಾಮ್ ಯಾವುದೋ ಆಫೀಸು ಕೈಬಿಟ್ಟ ಕಂಪ್ಯೂಟರಿನದು. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದ ಹೊಸ ರ‍್ಯಾಮಿನ ಬೆಲೆ ಗಗನಕ್ಕೇರಿದಾಗ, ಯಾರಿಗೂ ಬೇಡವಾದ ಡಿಡಿಆರ್3 ತುಣುಕು ನನ್ನ ಕೈಗೆಟಕುವ ಬೆಲೆಗೆ ಸಿಕ್ಕಿತು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಬಿಸಾಡಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಆ ರಾಶಿಯಲ್ಲಿ ಕೆಟ್ಟುಹೋದವುಗಳ ಜೊತೆಗೆ, ಕೆಟ್ಟಿವೆ ಎಂದು ಹೆಸರು ಪಡೆದವೂ ಎಷ್ಟಿರಬಹುದು!

ಇದೆಲ್ಲ ಹೇಳಿ ಕೊರತೆಗೆ ಹಾರ ಹಾಕುವ ಉದ್ದೇಶ ನನಗಿಲ್ಲ. ಕಡಿಮೆ ಹಣ ವಿವೇಕ ಕಲಿಸುತ್ತದೆ ಎಂಬ ಮಾತು ಹಣವಿದ್ದವರಿಗೇ ಹೆಚ್ಚು ಪ್ರಿಯ. ನನ್ನ ಜಾಣತನಕ್ಕೂ ಮಿತಿಯಿದೆ. ನನ್ನ ಮದರ್‌ಬೋರ್ಡಿನ ಸಾಕೆಟ್ಟಿಗೆ ಇಂಟೆಲ್ ಎರಡು ತಲೆಮಾರಿಗೇ ವಿದಾಯ ಹೇಳಿತು. ಅದೇ ಎಎಂಡಿ ಕಂಪನಿ ತನ್ನ ಎಎಂ4 ಸಾಕೆಟ್ಟನ್ನು ಬಿಟ್ಟುಕೊಡಲಿಲ್ಲ. 2017ರ ಎಷ್ಟೋ ಬೋರ್ಡುಗಳು ಬಯಾಸ್ ಅಪ್‌ಡೇಟ್ ಒಂದರಿಂದ 2022ರ ಪ್ರೊಸೆಸರನ್ನೂ ಕೂರಿಸಿಕೊಂಡವು. ಅಂದರೆ ಯಂತ್ರದ ಆಯುಷ್ಯ ಹಣೆಬರಹವಲ್ಲ, ಎಲ್ಲೋ ಒಂದು ಸಭೆಯಲ್ಲಿ ಯಾರೋ ತೆಗೆದುಕೊಂಡ ನಿರ್ಧಾರ. ಧಾರವಾಡದಲ್ಲಿ ಕೂತು ಸ್ಕ್ರೂಡ್ರೈವರ್ ಹಿಡಿದವರ ಮಿತವ್ಯಯ ಆ ಸಭೆಯ ಹೊಣೆಯನ್ನು ತೀರಿಸಲಾರದು. ಪ್ರಶ್ನೆ ಅಲ್ಲಿಗೂ ಮುಟ್ಟಬೇಕು.

ಕನ್ನಡದಲ್ಲಿ ‘ಸಾಕು’ ಎಂಬ ಮಾತು ಎರಡು ಕೆಲಸ ಮಾಡುತ್ತದೆ. ಇನ್ನು ಬೇಡ ಎನ್ನುವುದಕ್ಕೂ ಸಾಕು, ಜೋಪಾನ ಮಾಡಿ ಬೆಳೆಸು ಎನ್ನುವುದಕ್ಕೂ ಸಾಕು. ಪದಗಳ ಮೂಲ ಏನೇ ಇರಲಿ, ಬಳಕೆಯಲ್ಲಿ ಇವೆರಡೂ ಹತ್ತಿರದವು ಅನಿಸುತ್ತದೆ. ಇದ್ದುದನ್ನು ಸಾಕಬಲ್ಲವರಿಗೆ ಸಾಕು ಎನ್ನುವುದು ಸೋಲಿನ ಮಾತಾಗಿ ಕೇಳುವುದಿಲ್ಲ. ಉಳಿದ ₹4,500 ಬ್ಯಾಂಕಿನಲ್ಲಿದೆ. ಗ್ರಾಫಿಕ್ಸ್ ಕಾರ್ಡ್ ಹಳೆಯದೇ ಇದೆ. ನೆರಳುಗಳು ಸ್ವಲ್ಪ ಮಸುಕಾಗಿ ಕಾಣುತ್ತವೆ, ಗೆಳೆಯರ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.