ಬಂಗಾರದ ಜಿಂಕೆ, ಬಿಳಿ ಚಿಗರಿ

ಅಪರೂಪದ ಬಣ್ಣದ ಪ್ರಾಣಿ ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಅನ್ನೋ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ರಾಮ ಗಂಗಾವತಿ ತಾಲೂಕಿಗೆ ಬಂದದ್ದೇ ಅದರ ದೆಸೆಯಿಂದ! ಪಂಚವಟಿಯಲ್ಲಿ ಬಂಗಾರದ ಜಿಂಕೆ ಕಂಡಿತು. ಇಂಥ ಜಿಂಕೆ ಲೋಕದಲ್ಲೇ ಇಲ್ಲ, ಇದು ಮಾರೀಚನ ಮಾಯೆ ಅಂದ ಲಕ್ಷ್ಮಣ. ಜೀವಂತ ಸಿಕ್ಕರೆ ಅಯೋಧ್ಯೆಯ ಅರಮನೆಗೆ ಒಯ್ಯೋಣ, ಸತ್ತರೆ ಅದರ ಚರ್ಮ ಹಾಸಿಕೊಂಡು ಕೂಡೋಣ ಅಂದಳು ಸೀತೆ. ರಾಮ ಬಿಲ್ಲು ಎತ್ತಿಕೊಂಡು ಹೊರಟ. ಮುಂದಿನದು ಎಲ್ಲರಿಗೂ ಗೊತ್ತು. ಹೆಂಡತಿಯನ್ನು ಹುಡುಕುತ್ತ ಅವನು ಬಂದ ಕಿಷ್ಕಿಂಧೆ ನಮ್ಮ ಆನೆಗೊಂದಿ, ಪಂಪಾಸರೋವರ, ಅಂಜನಾದ್ರಿಯ ಸುತ್ತಲಿನ ಕಲ್ಲುಗುಡ್ಡಗಳೇ ಅಂತ ಇಲ್ಲಿಯವರ ನಂಬಿಕೆ.

ನನ್ನನ್ನು ಕಾಡೋದು ಸೀತೆಯ ಆ ಮಾತು. ಜೀವಂತವಾದರೂ ಸರಿ, ಚರ್ಮವಾದರೂ ಸರಿ. ಅಂದರೆ ಬೇಕಾಗಿದ್ದು ಜಿಂಕೆಯಲ್ಲ, ಬಣ್ಣ. ಬಣ್ಣ ಬೇಕಾದವರಿಗೆ ಅದರೊಳಗೆ ಉಸಿರಿದ್ದರೂ ನಡೆಯುತ್ತೆ, ಇಲ್ಲದಿದ್ದರೂ ನಡೆಯುತ್ತೆ.

ಅದೇ ರಾಮ ಇಲ್ಲಿಗೆ ಬಂದು ಮರೆಯಲ್ಲಿ ನಿಂತು ವಾಲಿಗೆ ಬಾಣ ಬಿಟ್ಟ. ಸಾಯುತ್ತ ಬಿದ್ದ ವಾಲಿ ಕೇಳಿದ ಹಲವು ಪ್ರಶ್ನೆಗಳಲ್ಲಿ ಒಂದು ಶುದ್ಧ ಬೇಟೆಯ ಪ್ರಶ್ನೆ: ನನ್ನ ಚರ್ಮ ನಿನ್ನಂಥವರು ಹೊದೆಯೋದಲ್ಲ, ಮಾಂಸ ತಿನ್ನೋದಲ್ಲ, ಮತ್ತೆ ಯಾಕೆ ಕೊಂದೆ? ರಾಮ ಕೊಟ್ಟ ಉತ್ತರಗಳಲ್ಲಿ ಒಂದು, ಮನುಷ್ಯರು ಬಲೆ ಒಡ್ಡಿ, ಮರೆಯಲ್ಲಿ ಕೂತು ಪ್ರಾಣಿಗಳನ್ನು ಹಿಡಿಯೋದು ಇದ್ದದ್ದೇ, ನೀನು ಮಂಗ ತಾನೆ ಅನ್ನೋದು. ಈ ಉತ್ತರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ವಾಲಿ ಕೇಳಿದ್ದು ಹಿಡಿಯೋ ರೀತಿಯನ್ನಷ್ಟೇ ಅಲ್ಲ, ಯಾತಕ್ಕೆ ಅಂತಲೂ ಕೇಳಿದ.

ಇರಲಿ, ಪುರಾಣ ಬಿಟ್ಟು ಎರೆ ಹೊಲಕ್ಕೆ ಬರೋಣ. ಯಲಬುರ್ಗಾ, ಕುಕನೂರು ಕಡೆ ಹೋದವರಿಗೆ ಚಿಗರಿ ಗೊತ್ತು. ಪುಸ್ತಕದಲ್ಲಿ ಕೃಷ್ಣಮೃಗ. ಹೆಣ್ಣು, ಮರಿ ಎಲ್ಲ ಕಂದು. ಗಂಡು ಬಲಿತಂತೆ ಕಪ್ಪಾಗುತ್ತ ಹೋಗುತ್ತೆ. ಹಿಂದೆ ರಾಜರು, ಬ್ರಿಟಿಷ್ ಸಾಹೇಬರು ಹಿಂಡಿನಲ್ಲಿ ಗುರಿ ಇಡುತ್ತಿದ್ದದ್ದು ಆ ಕಪ್ಪು ಗಂಡಿಗೇ. ಅಷ್ಟು ವರ್ಷ ತೋಳದ ಬಾಯಿಂದ ತಪ್ಪಿಸಿಕೊಂಡು ಬಾಳಿದ್ದಕ್ಕೆ ಸಿಕ್ಕ ಬಹುಮಾನ, ದಿವಾನಖಾನೆಯ ಗೋಡೆ.

ಹುಟ್ಟಾ ಬಿಳಿಯಾದ ಚಿಗರಿಗಳೂ ಇರುತ್ತವೆ, ಬಲು ಅಪರೂಪಕ್ಕೆ. ಅಂಥದ್ದೊಂದು ನಿಮ್ಮ ಹೊಲಕ್ಕೆ ಬಂದರೆ ಏನು ಮಾಡ್ತೀರಿ ಅಂತ ಕುಕನೂರಿನ ಚಾದಂಗಡಿಯಲ್ಲಿ ಕೂತಾಗ ಒಮ್ಮೆ ಕೇಳಿದೆ. ಮಿರ್ಚಿ ಮುರಿಯುತ್ತಿದ್ದ ಒಬ್ಬರು, "ಬಿಳೇದಂದ್ರ ದೇವರದು ಬಿಡ್ರಿ, ಅದನ್ನ ಹೊಡಿಬಾರದು" ಅಂದರು. ಕಂದುದಾದರೆ? "ಕಂದುದರ ಮಾತು ಬ್ಯಾರೆ. ನನ್ನ ಹೆಸರು ಮೇದು ಹೋಗ್ಯಾವಲ್ಲ, ಅದನ್ನ ಯಾರ್ ಕೊಡ್ತಾರ?"

ಆ ಮನುಷ್ಯನ ಭಕ್ತಿಯನ್ನು ನಾನು ಹಗುರ ಮಾಡೋದಿಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ಬಿಳಿ ಮರಿಗೆ ತಂದೆ-ತಾಯಿ ಸಾಮಾನ್ಯವಾಗಿ ಕಂದು, ಕಪ್ಪು ಚಿಗರಿಗಳೇ. ಬಿಳುಪಿನ ಗುಣ ಅವುಗಳ ರಕ್ತದಲ್ಲಿ ಕಾಣದ ಹಾಗೆ ಇರುತ್ತೆ, ಎರಡೂ ಕಡೆಯಿಂದ ಕೂಡಿದಾಗ ಮಾತ್ರ ಹೊರಗೆ ಬರುತ್ತೆ. ಹಾಗಾದರೆ ಯಾವ ಕಂದು ಚಿಗರಿಯ ಹೊಟ್ಟೆಯಲ್ಲಿ ನಮ್ಮ ದೇವರು ಕೂತಿದ್ದಾನೆ ಅಂತ ಹೇಗೆ ಹೇಳೋದು?

ಕೊಲ್ಲದೆ ಹಿಡಿದರೆ ಪಾಪವಿಲ್ಲ ಅನ್ನುವವರು ಮೋಹನನ ಕಥೆ ಕೇಳಬೇಕು. 1951ರಲ್ಲಿ ರೀವಾ ಮಹಾರಾಜ ಮಾರ್ತಾಂಡ ಸಿಂಗ್ ಹಿಡಿಸಿದ ಬಿಳಿ ಹುಲಿಮರಿ ಅದು. ತಾಯಿಗೆ ಗುಂಡು, ಮರಿಗೆ ಪಂಜರ. ಹಳದಿ ಹೆಣ್ಣಿನ ಜೊತೆ ಬಿಟ್ಟರು, ಬಿಳಿ ಮರಿ ಹುಟ್ಟಲಿಲ್ಲ. ಕೊನೆಗೆ ಅವನ ಮಗಳ ಜೊತೆಗೇ ಬಿಟ್ಟರು. 1958ರಲ್ಲಿ ಬಿಳಿ ಮರಿಗಳು ಹುಟ್ಟಿದವು. ಇವತ್ತು ಮೃಗಾಲಯಗಳಲ್ಲಿ ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುವ ಬಿಳಿ ಹುಲಿಗಳು ಬಹುತೇಕ ಅವನ ವಂಶದವೇ. ಬಣ್ಣ ಉಳಿಸೋಕೆ ಒಂದೇ ಮನೆಯೊಳಗೆ ಕೂಡಿಸುತ್ತ ಹೋದದ್ದಕ್ಕೆ ಮೆಳ್ಳೆಗಣ್ಣು, ಬೇರೆ ಬೇರೆ ಊನಗಳೂ ಬಂದವು. ಜೀವಂತವಾದರೂ ಸರಿ ಅಂದಿದ್ದರಲ್ಲಿ ಇದೂ ಒಂದು.

ನಮ್ಮ ಕಾನೂನು ಈ ವಿಷಯದಲ್ಲಿ ಸಾಹೇಬರಿಗಿಂತ ಜಾಣ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯೋದು, ಉರುಳು ಹಾಕೋದು, ವಿಷ ಇಡೋದು, ಅದಕ್ಕಾಗಿ ಅಟ್ಟಿಸಿಕೊಂಡು ಹೋಗೋದೂ ಬೇಟೆಯೇ. ಚಿಗರಿ ಮೊದಲನೇ ಪರಿಚ್ಛೇದದಲ್ಲಿದೆ, ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಅಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ. ಕಪ್ಪು, ಕಂದು, ಬಿಳಿ ಎಲ್ಲಕ್ಕೂ ಒಂದೇ ಲೆಕ್ಕ. ನನಗೆ ಸರಿ ಕಾಣೋದು ಇದೇ.

ಆದರೆ ಇಲ್ಲಿಗೆ ಮಾತು ಮುಗಿಸಿದರೆ ಚಾದಂಗಡಿಯ ಆ ರೈತನಿಗೆ ಮೋಸ ಮಾಡಿದಂತಾಗುತ್ತೆ. ಹೊಡೆಯಬೇಡ ಅಂತ ಅವನಿಗೆ ಹೇಳೋದು ನನಗೆ ಸುಲಭ, ಯಾಕಂದರೆ ನನ್ನ ತಟ್ಟೆಗೆ ಯಾವ ಚಿಗರಿಯೂ ಬಾಯಿ ಹಾಕಿಲ್ಲ. ಎರಡೆಲೆ ಬಂದ ಹೆಸರಿನ ಹೊಲಕ್ಕೆ ರಾತ್ರಿ ಹಿಂಡು ಇಳಿದರೆ ಬೀಜ, ಗೊಬ್ಬರ, ಗಳೇವಿನ ಖರ್ಚು ಎಲ್ಲ ಮಣ್ಣು. ಪರಿಹಾರಕ್ಕೆ ಅರ್ಜಿ, ಪಹಣಿ, ಫೋಟೋ ಅಂತ ಓಡಾಡಿದವರ ಕಷ್ಟ ಅವರಿಗೇ ಗೊತ್ತು. ಪ್ರಾಣಿ ಇಡೀ ನಾಡಿನ ಸೊತ್ತಾದರೆ ಅದು ತಿಂದ ಹೊಲ ಮಾತ್ರ ಒಬ್ಬನದು ಹೇಗೆ? ಈ ಸಾಲವನ್ನು ತೀರಿಸದೆ ಅವನಿಗೆ ದಯೆಯ ಪಾಠ ಹೇಳುವ ಅಧಿಕಾರ ಪೇಟೆಯವರಾದ ನಮಗೆ ಅರ್ಧವೇ ಇದೆ. ಆದರೂ ಅರ್ಧ ಇದೆ. ತನ್ನ ಬೆಳೆ ಕಾಯೋಕೆ ಓಡಿಸುವ ಕೈಗೂ, ಗೋಡೆಗೆ ನೇತುಹಾಕೋಕೆ ಹೊಡೆಯುವ ಕೈಗೂ ವಾಲಿಯ ಪ್ರಶ್ನೆ ಒಂದೇ ಥರ ತಾಕೋದಿಲ್ಲ. ಮೊದಲಿನವನ ಹತ್ತಿರ ಏನೋ ಒಂದು ಉತ್ತರವಾದರೂ ಇದೆ.

ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ 332 ಎಕರೆಯ ಅಭಯಾರಣ್ಯ ಇದೆ. ಕುರಿ ಹಿಡಿಯುವ ತೋಳಕ್ಕೇ ಜಾಗ ಕೊಟ್ಟವರು ನಾವು, ಅದರ ಬಣ್ಣವೂ ಬರೀ ಮಣ್ಣಿನ ಬಣ್ಣ, ನೋಡಿದರೆ ಬೀದಿನಾಯಿ ಅಂದುಕೊಳ್ಳಬೇಕು. ಇದು ನನಗೆ ಬಂಗಾರದ ಜಿಂಕೆಗಿಂತ ದೊಡ್ಡ ಸಂಗತಿ ಅನಿಸುತ್ತೆ.

ಅಂದ ಹಾಗೆ, ಆ ದಿನ ಅಂಗಡಿಯಲ್ಲಿ ಒಬ್ಬ ಹುಡುಗ, "ನಾನಂತೂ ಹೊಡಿಯೂದಿಲ್ರಿ, ಫೋಟೋ ತಗದು ವಾಟ್ಸಾಪ್ ಸ್ಟೇಟಸ್ ಇಡ್ತೀನಿ" ಅಂದ. ಮೂಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದ ಕುರಿ ಕಾಯುವ ಅಜ್ಜ ತಲೆ ಎತ್ತಿ ಹೇಳಿದ: "ಅದೊಂದು ಮಾಡಬ್ಯಾಡ ತಮ್ಮಾ. ಯಾ ಹೊಲ ಅಂತ ಗೊತ್ತಾತಂದ್ರ ಹೊತ್ತು ಮುಣಗೂದ್ರಾಗ ಹತ್ತು ಗಾಡಿ ಬಂದಿರ್ತಾವ."