ಸಿಹಿಯ ಋಣ

ನಮ್ಮ ಊರುಗಳಲ್ಲಿ ಅಂಗಡಿಯ ಗಾಜಿನ ಭರಣಿಯೊಳಗಿರುವುದೆಲ್ಲ ಚಾಕಲೇಟೇ. ಪೆಪ್ಪರಮಿಂಟೂ ಚಾಕಲೇಟು, ಟಾಫಿಯೂ ಚಾಕಲೇಟು. ನಿಜವಾದ ಚಾಕಲೇಟು ಆಗುವುದು ಕೋಕೋ ಬೀಜದಿಂದ. ಬೀಜವನ್ನು ಹುದುಗು ಬರಿಸಿ, ಒಣಗಿಸಿ, ಹುರಿದು ಅರೆದು ಸಕ್ಕರೆ ಸೇರಿಸಿದರೆ ಕಪ್ಪು ಚಾಕಲೇಟು. ಅದಕ್ಕೆ ಹಾಲಿನ ಪುಡಿ ಬೆರೆತರೆ ನಮ್ಮ ಮಕ್ಕಳಿಗೆ ಪ್ರಿಯವಾದ ಕಂದು ಚಾಕಲೇಟು. ಬೀಜದ ಬೆಣ್ಣೆಯನ್ನಷ್ಟೇ ತೆಗೆದು ಹಾಲು ಸಕ್ಕರೆ ಕೂಡಿಸಿದರೆ ಬಿಳಿಯದು. ಮೂರಕ್ಕೂ ತಾಯಿಬೇರು ಒಂದೇ.

ಆ ಬೇರು ಇರುವುದು ಅಮೆರಿಕ ಖಂಡದಲ್ಲಿ. ಮಾಯಾ ಜನರೂ ಅಜ್ಟೆಕರೂ ಕೋಕೋವನ್ನು ತಿನ್ನುತ್ತಿರಲಿಲ್ಲ, ಕುಡಿಯುತ್ತಿದ್ದರು. ಅದೂ ಮೆಣಸಿನಕಾಯಿ ಹಾಕಿದ ಕಹಿ ಪಾನೀಯವಾಗಿ. ಬೀಜವೇ ಅಲ್ಲಿ ಚಿಲ್ಲರೆ ನಾಣ್ಯವೂ ಆಗಿತ್ತು. ಸ್ಪೇನಿನವರು ಆ ನಾಡನ್ನು ಗೆದ್ದ ಮೇಲೆ ಅದು ಸಮುದ್ರ ದಾಟಿ, ಸಕ್ಕರೆ ಬೆರೆತು, ಯೂರೋಪಿನ ಶ್ರೀಮಂತರ ಬಟ್ಟಲು ಸೇರಿತು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಬೀಜದಿಂದ ಬೆಣ್ಣೆ ಹಿಂಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ಅಗಿದು ತಿನ್ನುವ ಚಾಕಲೇಟಿನ ಅಚ್ಚು ಮಾಡಿತು. 1875ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲನ್ನು ಬೆರೆಸಿದ. ಗಿಡಕ್ಕೆ ಲಿನೇಯಸ್ ಇಟ್ಟ ಹೆಸರಿನ ಅರ್ಥ 'ದೇವತೆಗಳ ಆಹಾರ'.

ದೇವತೆಗಳ ಆಹಾರವನ್ನು ಬೆಳೆದವರು ಯಾರು? ನನ್ನನ್ನು ಕಾಡುವ ಪ್ರಶ್ನೆ ಇದು.

ಇಂಗ್ಲೆಂಡಿನ ಕ್ಯಾಡ್ಬರಿ ಮನೆತನದವರು ಕ್ವೇಕರ್ ಪಂಥದ ಧರ್ಮಭೀರುಗಳು. ಹೆಂಡದ ಬದಲು ಜನ ಕೋಕೋ ಕುಡಿಯಲಿ ಎಂದು ಬಯಸಿದವರು. ಬೋರ್ನ್‌ವಿಲ್ ಎಂಬಲ್ಲಿ ಕಾರ್ಖಾನೆಯ ಪಕ್ಕ ಕೈತೋಟವಿರುವ ಮನೆಗಳ ಊರನ್ನೇ ಕಟ್ಟಿಸಿದರು. ಆದರೆ ಅವರು ಕೊಳ್ಳುತ್ತಿದ್ದ ಬೀಜದಲ್ಲಿ ದೊಡ್ಡ ಪಾಲು ಪೋರ್ಚುಗೀಸರ ವಶದಲ್ಲಿದ್ದ ಸಾವೊ ಟೊಮೆ ದ್ವೀಪದ್ದು. ಅಲ್ಲಿ ದುಡಿಯುತ್ತಿದ್ದವರು ಅಂಗೋಲಾದಿಂದ ಹಿಡಿದು ತಂದ ಜನ. ಕಾಗದದ ಮೇಲೆ ಕರಾರಿನ ಕೂಲಿಗಳು, ನಿಜದಲ್ಲಿ ಗುಲಾಮರು. ಈ ಸುದ್ದಿ ಕಂಪನಿಗೆ ತಲುಪಿದ್ದು 1901ರಲ್ಲಿ. ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ನಡುವೆ ವಿಚಾರಣೆ, ವರದಿ, ಮಾತುಕತೆ. ಗಿರಾಕಿಗಳಾಗಿ ಉಳಿದರೆ ಮಾತ್ರ ನಮ್ಮ ಮಾತು ನಡೆದೀತು ಎಂಬುದು ಅವರ ವಾದ. ಇದನ್ನು ಕಪಟವೆಂದ ಪತ್ರಿಕೆಯೊಂದರ ಮೇಲೆ ಅವರು ಮಾನನಷ್ಟದ ದಾವೆ ಹೂಡಿ ಗೆದ್ದರು. ಜೂರಿ ಕೊಡಿಸಿದ ಪರಿಹಾರ ಒಂದೇ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ!

ಆ ಕಾಲು ಪೆನ್ನಿಯ ತೀರ್ಪನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ಕೆಟ್ಟವರಲ್ಲ. ಕಣ್ಣಿಗೆ ಕಾಣುವ ಕೆಲಸಗಾರನಿಗೆ ಮನೆ ಕಟ್ಟಿಸಿದ ಕರುಣೆ, ಕಾಣದ ಕೂಲಿಯವನವರೆಗೆ ಹೋಗಲು ಎಂಟು ವರ್ಷ ಹಿಡಿಯಿತು, ಅಷ್ಟೆ. ನಮ್ಮ ದಯೆಯೂ ಹೆಚ್ಚಾಗಿ ನಮ್ಮ ಹೊಸ್ತಿಲಿನ ದಯೆಯೇ ತಾನೆ? ಬಾಗಿಲಿಗೆ ಬಂದವರಿಗೆ ಊಟ ಹಾಕದೆ ಕಳಿಸುವುದಿಲ್ಲ. ಆದರೆ ಸೀರೆಯನ್ನು ನೇಯ್ದವಳು ಉಂಡಳೇ ಎಂದು ಕೇಳಿ ಸೀರೆ ಕೊಳ್ಳುವವರು ಎಷ್ಟು ಮಂದಿ?

ಇದು ಹಳೆಯ ಕಥೆಯಲ್ಲ. ಇಂದು ಜಗತ್ತಿನ ಅರ್ಧಕ್ಕೂ ಹೆಚ್ಚು ಕೋಕೋ ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಮಕ್ಕಳ ದುಡಿಮೆಯ ಕೆಟ್ಟ ರೂಪಗಳನ್ನು ತೊಡೆದುಹಾಕುತ್ತೇವೆಂದು ದೊಡ್ಡ ಕಂಪನಿಗಳು 2001ರಲ್ಲಿ ಒಪ್ಪಂದಕ್ಕೆ ರುಜು ಹಾಕಿದವು. 2020ರಲ್ಲಿ ಬಂದ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರ ವರದಿಯ ಪ್ರಕಾರ ಆ ಎರಡು ದೇಶಗಳ ಕೋಕೋ ತೋಟಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ದುಡಿಯುತ್ತಿದ್ದರು. ರಜೆಯಲ್ಲಿ ಅಪ್ಪನ ಜೊತೆ ತೋಟದಲ್ಲಿ ಅಡಿಕೆ ಹೆಕ್ಕುವ ನಮ್ಮ ಮಕ್ಕಳ ಕೆಲಸವೇ ಬೇರೆ. ಮಚ್ಚು ಹಿಡಿದು, ಮೈ ಮೀರಿದ ಹೊರೆ ಹೊತ್ತು, ಔಷಧಿ ಹೊಡೆದ ಗಿಡಗಳ ನಡುವೆ ಬಾಲ್ಯ ಕಳೆಯುವುದೇ ಬೇರೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ನಾವು ಚಾಕಲೇಟು ತಿನ್ನಬಾರದಾ ಟೀಚರ್?" ಎಂದಳು. ತಿನ್ನಬೇಡ ಎನ್ನುವುದು ಸುಲಭ. ಆದರೆ ಕೊಳ್ಳುವವರಿಲ್ಲದಿದ್ದರೆ ಮೊದಲು ಉಪವಾಸ ಬೀಳುವುದು ಅದೇ ಬಡ ರೈತನ ಮನೆ. ಅವನು ಮಗುವನ್ನು ದುಡಿಸುವುದು ಕ್ರೂರಿಯೆಂದಲ್ಲ. ಬೀಜಕ್ಕೆ ಸಿಗುವ ಬೆಲೆಯಲ್ಲಿ ಆಳಿಗೆ ಕೂಲಿ ಹುಟ್ಟುವುದಿಲ್ಲವೆಂದು.

ಬೆಲೆ ಎಂದಾಗ ನಮ್ಮ ದಕ್ಷಿಣ ಕನ್ನಡ ನೆನಪಾಗುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಬೆಳೆದ ರೈತರು 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಕಂಗಾಲಾದರು. ಆಗ ಬೀಜ ಕೊಳ್ಳಲು ಮುಂದೆ ಬಂದದ್ದು ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವನ ಕೈಗೆ ತಕ್ಕಡಿಯೂ ಬಂದರೆ ಸ್ಥಿತಿ ಬೇರೆಯಾದೀತು ಎಂಬುದಕ್ಕೆ ದೂರ ಹೋಗಬೇಕಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದಿಷ್ಟು: ತಿನ್ನು, ಆದರೆ ಯಾರು ಬೆಳೆದರು, ಅವರಿಗೆ ಎಷ್ಟು ಸಿಕ್ಕಿತು ಎಂದು ಕೇಳುವುದನ್ನು ಬಿಡಬೇಡ. ಒಬ್ಬಳು ಕೇಳಿದರೆ ಅಂಗಡಿಯವನು ನಕ್ಕಾನು. ಸಾವಿರ ಮಂದಿ ಕೇಳಿದರೆ ಕಂಪನಿಯವರು ಉತ್ತರ ಹುಡುಕಲೇಬೇಕು. ತಿಳಿಯದೆ ತಿಂದರೆ ದೋಷವಿಲ್ಲ ಎನ್ನಬಹುದು. ತಿಳಿದ ಮೇಲೂ ಕೇಳದೆ ಸುಮ್ಮನಿದ್ದರೆ ಆ ಮಾತು ನಮ್ಮನ್ನು ಕಾಯುವುದಿಲ್ಲ. ಮನೆಗೆ ತಂದ ಸಿಹಿಯನ್ನು ಮಕ್ಕಳ ಕೈಗಿಡುವ ತಾಯಂದಿರು ನಾವು. ಆ ಪ್ರಶ್ನೆಯನ್ನೂ ಜೊತೆಯಲ್ಲಿಡುವುದು ನಮ್ಮಿಂದಾಗದ ಕೆಲಸವೇನಲ್ಲ.