ಯಂತ್ರವೂ ಪ್ರತಿಭೆಯೂ

ಅಪ್ಪಣೆಯಾದಷ್ಟನ್ನೇ ಮಾಡುವ ಸೇವಕನಲ್ಲಿ ಸ್ವಂತ ಪ್ರತಿಭೆಯುಂಟೆಂದು ಹೇಳಬಹುದೆ? ಆ ಸೇವಕನು ಮನುಷ್ಯನಾಗಿರದೆ ಯಂತ್ರವಾಗಿದ್ದರೆ ಉತ್ತರವು ಬೇರೆಯಾದೀತೆ? ಅಂಥ ಯಂತ್ರವು ಇನ್ನೂ ಕಾಗದದ ಮೇಲಿನ ನಕ್ಷೆಯಾಗಿದ್ದಾಗಲೇ, 1843ರಲ್ಲಿ, ಈ ವಿಚಾರವನ್ನು ಎತ್ತಿಕೊಂಡವಳು ಇಂಗ್ಲೆಂಡಿನ ಲವ್‌ಲೇಸ್ ಕೌಂಟೆಸ್ ಏಡಾ. ಆಕೆ ಕೊಟ್ಟ ಉತ್ತರದ ಬೆಲೆಯನ್ನು ಅರಿಯಬೇಕಾದರೆ ಆಕೆ ಬೆಳೆದ ಬಗೆಯನ್ನು ಮೊದಲು ನೋಡಬೇಕು.

ಏಡಾ 1815ನೆಯ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಜನಿಸಿದಳು. ತಂದೆ ಕವಿ ಬೈರನ್. ಕೂಸಿಗೆ ಐದು ವಾರ ತುಂಬುವಷ್ಟರಲ್ಲಿ ದಂಪತಿಗಳು ಅಗಲಿದರು. ಬೈರನ್ನನು ಮರು ಏಪ್ರಿಲಿನಲ್ಲಿ ದೇಶವನ್ನೇ ಬಿಟ್ಟುಹೋದನು. 1824ರಲ್ಲಿ ಗ್ರೀಸಿನಲ್ಲಿ ಮಡಿಯುವವರೆಗೂ ಮಗಳ ಮುಖವನ್ನು ಮತ್ತೆ ಕಾಣಲಿಲ್ಲ. ತಂದೆಯ ಚಿತ್ತಚಾಂಚಲ್ಯವು ಮಗಳಿಗೂ ಅಂಟೀತೆಂದು ಹೆದರಿದ ತಾಯಿಯು ಗಣಿತವನ್ನೇ ಔಷಧವೆಂಬಂತೆ ಕುಡಿಸಿ ಆಕೆಯನ್ನು ಬೆಳೆಸಿದಳು. ಆ ಬಾಲ್ಯವೇ ಒಂದು ಅಪ್ಪಣೆಗಳ ಪಟ್ಟಿ. ಅದರಿಂದ ಹೊರಬಂದ ಫಲವಾದರೋ ಬೇರೆ. ಬೆಳೆದ ಮಗಳು ತಾಯಿಗೆ ಕಾಗದ ಬರೆದು, ಕಾವ್ಯವನ್ನು ಕೊಡಲೊಲ್ಲೆಯಾದರೆ ಕಾವ್ಯಮಯವಾದ ವಿಜ್ಞಾನವನ್ನಾದರೂ ಕೊಡುವೆಯಾ ಎಂದು ಕೇಳಿದಳು!

ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು ಕಟ್ಟಿಸುತ್ತಿದ್ದ ಲೆಕ್ಕದ ಯಂತ್ರದ ಒಂದು ಭಾಗವನ್ನು ಏಡಾ 1833ರಲ್ಲಿ, ಹದಿನೇಳರ ಹರೆಯದಲ್ಲಿ, ಕಂಡಳು. ಮುಂದೆ ಅವನು ಇನ್ನೂ ಹಿರಿದಾದ ‘ವಿಶ್ಲೇಷಕ ಯಂತ್ರ’ವನ್ನು ಯೋಚಿಸಿದನು. ಅದರಲ್ಲಿ ಸಂಖ್ಯೆಗಳನ್ನು ಕೂಡಿಡಲು ಒಂದು ಉಗ್ರಾಣ, ಅವುಗಳ ಮೇಲೆ ಲೆಕ್ಕ ನಡೆಸಲು ಒಂದು ಗಿರಣಿ. ಯಾವಾಗ ಏನನ್ನು ಮಾಡಬೇಕೆಂಬ ಅಪ್ಪಣೆಯು ತೂತು ಕೊರೆದ ರಟ್ಟುಗಳಲ್ಲಿ. ರೇಷ್ಮೆಯಲ್ಲಿ ಹೂಬಳ್ಳಿಗಳನ್ನು ನೇಯುವ ಜ್ಯಾಕ್ವಾರ್ಡ್ ಮಗ್ಗದಿಂದ ಎರವಲು ತಂದ ಉಪಾಯವಿದು. ಯಂತ್ರವು ಪೂರ್ತಿಯಾಗಲೇ ಇಲ್ಲ. 1842ರಲ್ಲಿ ಇಟಲಿಯ ಎಂಜಿನಿಯರ್ ಮೆನಬ್ರೆಯನು ಅದನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಲೇಖನವನ್ನು ಪ್ರಕಟಿಸಿದನು. ಏಡಾ ಅದನ್ನು ಇಂಗ್ಲಿಷಿಗೆ ತಂದಳು. ಸ್ವಂತ ಲೇಖನವನ್ನೇ ಏಕೆ ಬರೆಯಲಿಲ್ಲವೆಂದು ಬ್ಯಾಬೇಜನು ಕೇಳಿದಾಗ, ಅದು ತನಗೆ ಹೊಳೆಯಲಿಲ್ಲವೆಂದಳಂತೆ. ಬಳಿಕ ಆಕೆ ಸೇರಿಸಿದ ಟಿಪ್ಪಣಿಗಳು ಮೂಲದ ಸುಮಾರು ಮೂರರಷ್ಟಾದುವು. ಅವುಗಳ ಕೆಳಗೆ ಹೆಸರಿಲ್ಲ, ಮೂರು ಮೊದಲಕ್ಷರಗಳ ಅಂಕಿತ ಮಾತ್ರ.

ಆ ಟಿಪ್ಪಣಿಗಳಲ್ಲಿ ಒಂದಕ್ಕೊಂದು ಎದುರಾಗಿ ತೋರುವ ಎರಡು ಮಾತುಗಳಿವೆ. ಯಂತ್ರವು ಸಂಖ್ಯೆಗಳಿಗಷ್ಟೇ ಕಟ್ಟುಬಿದ್ದುದಲ್ಲ. ಸ್ವರಗಳ ಪರಸ್ಪರ ಸಂಬಂಧವನ್ನು ನಿಯಮಗಳಲ್ಲಿ ಹೇಳಲು ಬಂದರೆ ಅದು ಎಷ್ಟು ಜಟಿಲವಾದ ಸಂಗೀತವನ್ನಾದರೂ ರಚಿಸೀತು ಎಂಬುದು ಒಂದು. ಬ್ಯಾಬೇಜನಿಗೂ ಇಷ್ಟು ದೂರ ದೃಷ್ಟಿ ಹರಿದಂತೆ ಕಾಣುವುದಿಲ್ಲ. ಯಂತ್ರವು ತಾನಾಗಿ ಯಾವುದನ್ನೂ ಹುಟ್ಟಿಸಲಾರದು, ಹೇಗೆ ಅಪ್ಪಣೆಮಾಡಬೇಕೆಂದು ನಮಗೆ ತಿಳಿದಿರುವುದನ್ನು ಮಾತ್ರ ನೆರವೇರಿಸಬಲ್ಲದು ಎಂಬುದು ಇನ್ನೊಂದು. ಆದರೆ ಇಲ್ಲಿ ನಿಜವಾದ ವಿರೋಧವಿಲ್ಲ. ಮಗ್ಗವು ಹೂವನ್ನು ನೇಯುತ್ತದೆ. ಆ ಹೂವಿನ ಚಿತ್ರವನ್ನು ಬರೆದ ಕೈ ಬೇರೆ.

ಈ ಎರಡನೆಯ ಮಾತನ್ನು 1950ರಲ್ಲಿ ಅಲನ್ ಟ್ಯೂರಿಂಗನು ಆಕೆಯ ಹೆಸರಿನಿಂದಲೇ ಎತ್ತಿ ಖಂಡಿಸಿದನು. ಯಂತ್ರಗಳು ತನ್ನನ್ನು ಅನೇಕವೇಳೆ ಬೆರಗುಗೊಳಿಸಿವೆಯೆಂದನು; ಸ್ವಂತದ್ದೆಂದು ನಾವು ಹೆಮ್ಮೆಪಡುವ ಕೃತಿಯಾದರೂ ಗುರುಗಳು ಬಿತ್ತಿದ ಬೀಜದ ಬೆಳೆಯಲ್ಲವೆಂದು ಯಾರು ಹೇಳಬಲ್ಲರೆಂದೂ ಕೇಳಿದನು. ವಾದವು ಚುರುಕಾದುದೇ ಸರಿ. ಆದರೆ ಏಡಾಳ ತಾಯಿ ಬಿತ್ತಿದ ಬೀಜವು ಯಾವುದು, ಬೆಳೆದ ಗಿಡವು ಯಾವುದು? ಇಂದಿನ ಗಣಕಯಂತ್ರಗಳಲ್ಲಿ ಕೆಲವು ಒಂದೊಂದು ಹೆಜ್ಜೆಗೂ ಅಪ್ಪಣೆಯನ್ನು ಕಾಯದೆ, ಅಸಂಖ್ಯ ಉದಾಹರಣೆಗಳಿಂದ ತಾವೇ ರೀತಿಯನ್ನು ಹಿಡಿಯುತ್ತವೆ. ಮಾಡಿದವನಿಗೇ ಅವುಗಳ ಒಳದಾರಿಯು ಪೂರ್ತಿ ತಿಳಿಯದು. ಯಂತ್ರಶಾಸ್ತ್ರವಾಗಿ ಏಡಾಳ ಮಾತು ಇಲ್ಲಿ ಸಡಿಲವಾಗುತ್ತದೆ. ಧರ್ಮವಿಚಾರವಾಗಿ ಸಡಿಲವಾಗುವುದಿಲ್ಲ. ಯಂತ್ರಕ್ಕೆ ಕರ್ತೃತ್ವವಿಲ್ಲವೆಂದ ಮೇಲೆ ಅದರಿಂದಾದ ಒಳಿತಿನ ಕೀರ್ತಿಯಂತೆ ಕೇಡಿನ ಹೊಣೆಯೂ ಅಪ್ಪಣೆ ಕೊಟ್ಟವನ ತಲೆಯ ಮೇಲೆಯೇ ನಿಲ್ಲುತ್ತದೆ. ತನಗೆ ತಿಳಿಯದೆ ಅಪ್ಪಣೆ ಕೊಟ್ಟೆನೆಂಬುದು ಆ ಹೊಣೆಯನ್ನು ಹೆಚ್ಚಿಸೀತೇ ಹೊರತು ಕಳೆಯದು.

ವಿಚಿತ್ರವೆಂದರೆ, ಆಕೆ ಯಂತ್ರಕ್ಕೆ ಇಲ್ಲವೆಂದ ಗುಣವನ್ನೇ ಲೋಕವು ಆಕೆಗೂ ಇಲ್ಲವೆಂದಿತು. ಗಣಿತ ಕಲಿಸಿದ ಡಿ ಮಾರ್ಗನ್ನನು 1844ರಲ್ಲಿ ಆಕೆಯ ತಾಯಿಗೆ ಬರೆಯುತ್ತ, ಇಂಥ ಶಕ್ತಿ ತರುಣನಲ್ಲಿ ಕಂಡಿದ್ದರೆ ಅವನು ಸ್ವತಂತ್ರ ಸಂಶೋಧಕನಾಗುತ್ತಿದ್ದನೆಂದು ಒಪ್ಪಿದನು. ಒಡನೆಯೇ ಈ ಶ್ರಮವು ಹೆಣ್ಣಿನ ದೇಹಶಕ್ತಿಗೆ ಮೀರಿದ್ದೆಂದೂ ಸೇರಿಸಿದನು. ಬರ್ನೂಲಿ ಸಂಖ್ಯೆಗಳನ್ನು ಯಂತ್ರದಿಂದ ಪಡೆಯುವ ಕ್ರಮದಲ್ಲಿ ಬ್ಯಾಬೇಜನ ಪಾಲೆಷ್ಟು, ಆಕೆಯ ಪಾಲೆಷ್ಟು ಎಂದು ವಿದ್ವಾಂಸರು ಇನ್ನೂ ತೂಗುತ್ತಿದ್ದಾರೆ. ಅಂಥ ಕೆಲವು ಕ್ರಮಗಳನ್ನು ಅವನು ಮೊದಲೇ ಬರೆದಿದ್ದುದೂ ನಿಜ. ಆದರೆ ತಾನು ಮಾಡಿಕೊಟ್ಟ ಬೀಜಗಣಿತದಲ್ಲಿ ದೊಡ್ಡದೊಂದು ತಪ್ಪನ್ನು ಕಂಡುಹಿಡಿದು ಹಿಂದಿರುಗಿಸಿದವಳು ಏಡಾ ಎಂದು 1864ರಲ್ಲಿ ಬರೆದವನು ಬ್ಯಾಬೇಜನೇ.

ಆಕೆಯ ಆಸೆಗಳು ಅಲ್ಪವಾಗಿರಲಿಲ್ಲ. ಯಂತ್ರದ ವ್ಯವಹಾರವನ್ನು ತಾನೇ ನಡೆಸಿಕೊಡುವೆನೆಂದು 1843ರ ಆಗಸ್ಟಿನಲ್ಲಿ ಷರತ್ತುಗಳನ್ನು ಮುಂದಿಟ್ಟಳು, ಬ್ಯಾಬೇಜನು ಒಪ್ಪಲಿಲ್ಲ. ಮೆದುಳಿನ ವ್ಯಾಪಾರವನ್ನು ಗಣಿತಕ್ಕೆ ಒಳಪಡಿಸಬೇಕೆಂದೂ ಹಂಬಲಿಸಿದಳು. ಮೂವರು ಮಕ್ಕಳ ತಾಯಿ. ಕಡೆಯ ವರ್ಷಗಳಲ್ಲಿ ಕುದುರೆಯ ಜೂಜಿನಿಂದ ಸಾಲವೂ ಬೆಳೆಯಿತು. 1852ನೆಯ ನವೆಂಬರ್ 27ರಂದು, ತಂದೆ ಸತ್ತ ಮೂವತ್ತಾರನೆಯ ವಯಸ್ಸಿನಲ್ಲಿಯೇ, ಆಕೆಯೂ ತೀರಿಕೊಂಡಳು. ಆಕೆಯ ಇಚ್ಛೆಯಂತೆ ಹಕ್ನಲ್ ಊರಿನ ಚರ್ಚಿನಲ್ಲಿ, ತಾನು ಅರಿಯದ ಆ ತಂದೆಯ ಪಕ್ಕದಲ್ಲಿ, ಮಣ್ಣುಮಾಡಿದರು.